ಉತ್ತೇಜನದ ಹಣದಲ್ಲಿ ಆಸ್ಪತ್ರೆಯ ಪಾಲೆಷ್ಟು?

2020ರ ಜುಲೈ. ₹20 ಲಕ್ಷ ಕೋಟಿಯ ಆತ್ಮನಿರ್ಭರ ಭಾರತ ಪ್ಯಾಕೇಜನ್ನು ಪ್ರಧಾನಿ ಘೋಷಿಸಿ ಎರಡು ತಿಂಗಳಾಗಿತ್ತು. ದಾವಣಗೆರೆಯಲ್ಲಿ ಯುವ ವೈದ್ಯರು ಬೀದಿಗಿಳಿದು ಧರಣಿ ಕೂತಿದ್ದರು. ಸರ್ಕಾರಿ ಕೋಟಾದಡಿ ಓದುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಗೃಹವೈದ್ಯರು ಅವರು. ಊರಿಗೆ ಊರೇ ಕೊರೊನಾಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ಆಸ್ಪತ್ರೆಗಳಲ್ಲಿ ದುಡಿದವರು. ಅವರು ಕೇಳಿದ್ದು ಬಡ್ತಿಯನ್ನಲ್ಲ, ಬಹುಮಾನವನ್ನಲ್ಲ. ವರ್ಷಕ್ಕೂ ಮೀರಿ ಬಾಕಿ ಉಳಿದಿದ್ದ ಶಿಷ್ಯವೇತನ ಕೊಡಿ ಎಂದಷ್ಟೇ ಕೇಳಿದ್ದರು. ಕೊಡಬೇಕಾದ್ದು ಸರ್ಕಾರವೋ ಕಾಲೇಜೋ ಎಂಬ ಜಗ್ಗಾಟದಲ್ಲಿ ಅವರ ತಿಂಗಳುಗಳು ಕಳೆದಿದ್ದವು.

ಲಕ್ಷ ಕೋಟಿಗಳ ಲೆಕ್ಕ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬಂತು. ವೈದ್ಯರ ಧರಣಿ ಜಿಲ್ಲಾ ಪುಟದಲ್ಲಿ ಬಂತು. ಅವೆರಡೂ ಒಂದೇ ಸುದ್ದಿ ಎಂಬುದು ಈ ಬರಹದ ವಾದ. ಆರ್ಥಿಕತೆ ಕುಸಿದಾಗ ಸರ್ಕಾರ ಖರ್ಚು ಮಾಡಿ ಅದನ್ನು ಎತ್ತಿ ನಿಲ್ಲಿಸಬೇಕು ಎಂದಾದರೆ, ಆ ಖರ್ಚಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಜಾಗ ಇದೆಯೇ? ಇದೆ, ಅದೂ ಮೊದಲ ಸಾಲಿನಲ್ಲಿ. ಆದರೆ ಯಾವ ಖರ್ಚು, ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಅಂಕಿಗಳನ್ನು ನೋಡೋಣ. 2020ರ ಪ್ಯಾಕೇಜಿನ ಅಧಿಕೃತ ಮೊತ್ತ ₹20,97,053 ಕೋಟಿ. ಅದರಲ್ಲಿ ಆರೋಗ್ಯ ಕ್ಷೇತ್ರಕ್ಕೆಂದು ತೋರಿಸಿದ್ದು ₹15,000 ಕೋಟಿ. ನೂರು ರೂಪಾಯಿಯಲ್ಲಿ ಮುಕ್ಕಾಲು ರೂಪಾಯಿಯೂ ಆಗಲಿಲ್ಲ. ಎರಡನೇ ಅಲೆ ಬಂದು ಹೋದ ಮೇಲೆ, 2021ರ ಜೂನ್ 28ರಂದು ಕೇಂದ್ರ ಹಣಕಾಸು ಸಚಿವರು ₹6,28,993 ಕೋಟಿಯ ಮತ್ತೊಂದು ಪ್ಯಾಕೇಜ್ ಪ್ರಕಟಿಸಿದರು. ಅದರಲ್ಲಿ ಮಕ್ಕಳ ಚಿಕಿತ್ಸೆಗೆ ಒತ್ತು ಕೊಟ್ಟು ಸಾರ್ವಜನಿಕ ಆರೋಗ್ಯಕ್ಕೆ ₹23,220 ಕೋಟಿ ಇಟ್ಟರು. ಶೇ 3.7ರಷ್ಟು. ಮಹಾನಗರಗಳ ಹೊರಗೆ ಆಸ್ಪತ್ರೆ ಕಟ್ಟುವವರಿಗೆ, ವಿಸ್ತರಿಸುವವರಿಗೆ ₹50,000 ಕೋಟಿಯ ಸಾಲ ಖಾತರಿಯೂ ಇತ್ತು. ಆದರೆ ಖಾತರಿ ಎಂದರೆ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲುವುದು, ಬೊಕ್ಕಸದಿಂದ ಅಷ್ಟು ದುಡ್ಡು ಹೊರಗೆ ಬಂತೆಂದಲ್ಲ. ಸಾಲ ತೀರಿಸಬೇಕಾದ ಆಸ್ಪತ್ರೆ ಅದನ್ನು ರೋಗಿಯ ಬಿಲ್ಲಿನಿಂದಲೇ ತೀರಿಸಬೇಕು.

ರೋಗವೇ ತಂದಿಟ್ಟ ಆರ್ಥಿಕ ಕುಸಿತದಲ್ಲೂ ಆರೋಗ್ಯಕ್ಕೆ ಇಷ್ಟೇ ಏಕೆ? ಇದರ ಹಿಂದೆ ಅರ್ಥಶಾಸ್ತ್ರದ ಒಂದು ಹಳೆಯ ನಂಬಿಕೆ ಇದೆ. ಉತ್ತೇಜನದ ಖರ್ಚಿಗೆ ಮೂರು ಲಕ್ಷಣ ಇರಬೇಕು ಎಂದು 2008ರ ಹಿಂಜರಿತದ ಆರಂಭದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಲಾರೆನ್ಸ್ ಸಮ್ಮರ್ಸ್ ಹೇಳಿದ್ದು ಬಹಳ ಪ್ರಚಾರ ಪಡೆಯಿತು: ಖರ್ಚು ಬೇಗ ಆಗಬೇಕು, ತಲುಪಬೇಕಾದವರಿಗೇ ತಲುಪಬೇಕು, ಕಷ್ಟಕಾಲ ಮುಗಿದ ಮೇಲೆ ನಿಲ್ಲಬೇಕು. ಆರೋಗ್ಯದ ಖರ್ಚು ನಿಧಾನ ಎನ್ನುತ್ತಾರೆ. ಆಸ್ಪತ್ರೆ ಕಟ್ಟಲು ವರ್ಷಗಳು ಬೇಕು. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎನ್ನುತ್ತಾರೆ. ನೇಮಿಸಿಕೊಂಡ ನರ್ಸಿಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಆದ್ದರಿಂದ ಆರೋಗ್ಯ ಒಳ್ಳೆಯದೇ, ಆದರೆ ಅದು ಬಜೆಟ್ಟಿನಲ್ಲಿರಲಿ, ಪ್ಯಾಕೇಜಿನಲ್ಲಿ ಬೇಡ ಎಂಬ ವಾದ.

ಈ ವಾದ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 2009ರ ಅಮೆರಿಕವೇ ಸಾಕ್ಷಿ. ಆ ವರ್ಷ ಫೆಬ್ರುವರಿಯಲ್ಲಿ ಅಂಗೀಕಾರವಾದ 78,700 ಕೋಟಿ ಡಾಲರ್‌ಗಳ ಉತ್ತೇಜನ ಮಸೂದೆಯ ಆರಂಭದ ಕರಡಿನಲ್ಲಿ ಸಾಂಕ್ರಾಮಿಕ ಜ್ವರದ ಪೂರ್ವಸಿದ್ಧತೆಗೆ ಸುಮಾರು 90 ಕೋಟಿ ಡಾಲರ್ ಇತ್ತು. ಇದಕ್ಕೂ ಉದ್ಯೋಗಕ್ಕೂ ಏನು ಸಂಬಂಧ ಎಂಬ ತಕರಾರು ಎದ್ದು, ಸೆನೆಟ್ಟಿನಲ್ಲಿ ಅದನ್ನು ಕೈಬಿಟ್ಟರು. ಎರಡು ತಿಂಗಳು ತುಂಬುವುದರೊಳಗೆ ಎಚ್1ಎನ್1 ಕಾಣಿಸಿಕೊಂಡಿತು. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಎಂದು ಸಾರಿತು. ಆಗಸ್ಟ್‌ನಲ್ಲಿ ಪುಣೆಯಲ್ಲಿ ನಮ್ಮ ದೇಶದ ಮೊದಲ ಸಾವು ಸಂಭವಿಸಿತು.

ಈಗ ನಮ್ಮ ಊರಿಗೆ ಬರೋಣ. ಕೈಗಾರಿಕೆ ಕುಸಿದಾಗ ಊರಿಗೆ ಏನಾಗುತ್ತದೆ ಎಂಬುದನ್ನು ದಾವಣಗೆರೆ ಮತ್ತು ಹರಿಹರಕ್ಕೆ ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದಾವಣಗೆರೆ ಕಾಟನ್ ಮಿಲ್‌ನ ಹೆಸರು ಇವತ್ತು ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಉಳಿದಿದೆ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಮಾಡಿಕೊಟ್ಟಿತು. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರಾಯಿತು. 2000ದ ಆಸುಪಾಸಿನಲ್ಲಿ ಆ ಕಾರ್ಖಾನೆಯೂ ನಿಂತಿತು. ಸಂಬಳದ ದಿನ ಗಿಜಿಗುಡುತ್ತಿದ್ದ ಅಂಗಡಿ ಸಾಲುಗಳು ಉದ್ರಿ ಪುಸ್ತಕ ಹಿಡಿದು ಕೂತವು.

ಆಗ ಕಾರ್ಮಿಕನ ಮನೆಗೆ ಬಿದ್ದ ಏಟು ಒಂದಲ್ಲ, ಎರಡು. ಕೆಲಸ ಹೋದದ್ದು ಮೊದಲ ಏಟು. ಇಎಸ್ಐ ಚೀಟಿ ಹೋದದ್ದು ಎರಡನೆಯದು. ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಡಿ ಚಿಕಿತ್ಸೆ ಸಿಗುವುದು ನೌಕರಿ ಇದ್ದು ವಂತಿಗೆ ಕಟ್ಟುತ್ತಿರುವವರಿಗೆ. ವಂತಿಗೆ ನಿಂತು ಕೆಲವು ತಿಂಗಳಾದರೆ ಹೆಂಡತಿ ಮಕ್ಕಳ ಚಿಕಿತ್ಸೆಯೂ ನಿಲ್ಲುತ್ತದೆ. ನೌಕರಿಗೆ ಜೋಡಿಸಿದ ಆರೋಗ್ಯ ರಕ್ಷಣೆ ನೌಕರಿ ಹೋದಾಗ, ಅಂದರೆ ಅತ್ಯಂತ ಬೇಕಾದಾಗ, ಕೈಕೊಡುತ್ತದೆ. ಆ ಕುಟುಂಬಗಳೆಲ್ಲ ಹೋಗಿ ನಿಲ್ಲುವುದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಅಥವಾ ಹರಿಹರದ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ. ಆರ್ಥಿಕತೆ ಕುಗ್ಗಿದಷ್ಟೂ ಸರ್ಕಾರಿ ಆಸ್ಪತ್ರೆಯ ಸಾಲು ಉದ್ದವಾಗುತ್ತದೆ. ಹೀಗಾಗಿ ಹಿಂಜರಿತದ ವರ್ಷದಲ್ಲಿ ಆರೋಗ್ಯದ ಹಣವನ್ನು ಹಿಂದಿನ ವರ್ಷದಷ್ಟೇ ಇಟ್ಟರೂ ಅದು ಕಡಿತವೇ. ಸಾಲಿನಲ್ಲಿ ನಿಂತ ಒಬ್ಬೊಬ್ಬರ ಪಾಲಿಗೆ ಬರುವ ಮದ್ದು, ವೈದ್ಯರ ಸಮಯ ಎರಡೂ ಕಡಿಮೆಯಾಗುತ್ತವೆ.

ದಾವಣಗೆರೆಯ ಕಥೆಗೆ ಇನ್ನೊಂದು ಮಗ್ಗುಲಿದೆ. ಗಿರಣಿಗಳು ಮುಚ್ಚಿದ ಊರು ಪೂರ್ತಿ ನೆಲಕಚ್ಚಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಎಪಿಎಂಸಿಯ ಮೆಕ್ಕೆಜೋಳದ ವಹಿವಾಟಿನ ಜೊತೆಗೆ ಶಿಕ್ಷಣ ಸಂಸ್ಥೆಗಳ ಮತ್ತು ಆಸ್ಪತ್ರೆಗಳ ಪಾಲು ದೊಡ್ಡದು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಆರಂಭವಾದಾಗ ಅದನ್ನು ಯಾರೂ ಆರ್ಥಿಕ ಯೋಜನೆ ಎಂದು ಕರೆಯಲಿಲ್ಲ. ಆದರೆ ಚಿತ್ರದುರ್ಗ, ಹಾವೇರಿ, ಹರಪನಹಳ್ಳಿ ಕಡೆಯ ಜನ ಕಾಯಿಲೆ ಎಂದರೆ ದಾವಣಗೆರೆ ಬಸ್ಸು ಹತ್ತುವುದು ರೂಢಿಯಾಯಿತು. ಚಿಗಟೇರಿ ಆಸ್ಪತ್ರೆಯ ಗೇಟಿನ ಆಚೆ ಬೆಳಿಗ್ಗೆ ಒಂದು ಗಂಟೆ ನಿಂತರೆ ಸಾಕು. ಔಷಧಿ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಎಳನೀರಿನ ಗಾಡಿ, ಬಾಣಂತಿಗೆ ಬಿಸಿನೀರು ತುಂಬಿಸಿಕೊಡುವ ಚಹಾದಂಗಡಿ, ಜೊತೆಗೆ ಬಂದವರು ಉಣ್ಣುವ ಖಾನಾವಳಿ, ಆಟೊ ನಿಲ್ದಾಣ. ಆಸ್ಪತ್ರೆಯೊಳಗೆ ಸಂಬಳ ಪಡೆಯುವವರು ನೂರು ಮಂದಿಯಾದರೆ ಆಸ್ಪತ್ರೆಯಿಂದ ಹೊಟ್ಟೆ ಹೊರೆಯುವವರು ಅದಕ್ಕಿಂತ ಹೆಚ್ಚು.

ಇದನ್ನೇ ಉತ್ತೇಜನದ ಭಾಷೆಯಲ್ಲಿ ಹೇಳುವುದಾದರೆ, ಸರ್ಕಾರಿ ನರ್ಸಿಗೆ ಕೊಟ್ಟ ಸಂಬಳ ಊರಿನಲ್ಲೇ ಸುತ್ತುತ್ತದೆ. ಆಕೆಯ ಮನೆ ಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಫೀಜು, ಹಬ್ಬದ ಬಟ್ಟೆ ಎಲ್ಲವೂ ದಾವಣಗೆರೆಯಲ್ಲೇ ಖರ್ಚಾಗುತ್ತವೆ. 2008ರ ಡಿಸೆಂಬರಿನಲ್ಲಿ ಅಬಕಾರಿ ಸುಂಕವನ್ನು ಶೇಕಡಾ ನಾಲ್ಕು ಅಂಶ ಇಳಿಸಿದಾಗಲೂ, 2019ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ ₹1.45 ಲಕ್ಷ ಕೋಟಿ ಆದಾಯ ಬಿಟ್ಟು ಕಾರ್ಪೊರೇಟ್ ತೆರಿಗೆ ಕಡಿತ ಮಾಡಿದಾಗಲೂ ಅದರ ಲಾಭ ಯಾರ ಕೈಗೆ, ಎಷ್ಟು ದಿನಕ್ಕೆ ಬಂತು ಎಂದು ಹುಡುಕಬೇಕಾಯಿತು. ಆಶಾ ಕಾರ್ಯಕರ್ತೆಯ ಕೈಗೆ ಬಂದ ಹಣ ಆ ತಿಂಗಳೇ ಕಿರಾಣಿ ಅಂಗಡಿಗೆ ಹೋಗುತ್ತದೆ. ಬೇಗ ಖರ್ಚಾಗಬೇಕು, ತಲುಪಬೇಕಾದವರಿಗೆ ತಲುಪಬೇಕು ಎಂಬ ಎರಡು ಪರೀಕ್ಷೆಗಳಲ್ಲೂ ಆಕೆ ಮುಂದಿದ್ದಾಳೆ. ಆದರೂ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ₹12,000 ನಿಗದಿಯಾಗಲೆಂದು 2020ರ ಜುಲೈನಲ್ಲಿ, ಕೋವಿಡ್ ನಡುವೆಯೇ, ಮುಷ್ಕರ ಹೂಡಬೇಕಾಯಿತು. ಕನಿಷ್ಠ ₹10,000 ಎಂಬ ಭರವಸೆ ಸಿಕ್ಕಿದ್ದು 2025ರ ಜನವರಿಯಲ್ಲಿ, ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕೂತ ಮೇಲೆ.

ಸಂಬಳಕ್ಕಿಂತ ಕಟ್ಟಡ, ರಸ್ತೆಗಳ ಮೇಲಿನ ಬಂಡವಾಳ ವೆಚ್ಚವೇ ಆರ್ಥಿಕತೆಯನ್ನು ಹೆಚ್ಚು ಬೆಳೆಸುತ್ತದೆ ಎಂಬ ಆಕ್ಷೇಪವೂ ಇದೆ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸಂಶೋಧಕರ ಅಂದಾಜನ್ನು ಇದಕ್ಕೆ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ: ಒಂದು ರೂಪಾಯಿ ಬಂಡವಾಳ ವೆಚ್ಚ ₹2.45ರಷ್ಟು ಉತ್ಪಾದನೆ ಹುಟ್ಟಿಸಿದರೆ, ರಾಜಸ್ವ ವೆಚ್ಚ 99 ಪೈಸೆಯಷ್ಟು. ಆದರೆ ಆ 99 ಪೈಸೆಯ ಬುಟ್ಟಿಯಲ್ಲಿ ಏನೇನಿದೆ ನೋಡಿ. ಸಚಿವಾಲಯದ ಆಡಳಿತ ವೆಚ್ಚವೂ ಅಲ್ಲಿದೆ, ಹೆರಿಗೆ ಮಾಡಿಸುವ ನರ್ಸಿನ ಸಂಬಳವೂ ಅಲ್ಲೇ ಇದೆ. ಲೆಕ್ಕಪತ್ರದ ಒಂದೇ ಕಲಮಿನಲ್ಲಿ ಬರೆದ ಮಾತ್ರಕ್ಕೆ ಇವೆರಡರ ಫಲ ಒಂದೇ ಆಗುವುದಿಲ್ಲ.

ಆರೋಗ್ಯದ ಖರ್ಚು ಬೇರೆ ಖರ್ಚಿನಂತಲ್ಲ ಎಂಬುದು ಬಡವರ ಮನೆಯ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ತೆಗೆದುಕೊಳ್ಳಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿಯುವ ಕೆಲಸ. ಬೆಂಕಿಯ ಝಳ, ಹೊಗೆ, ಬೂದಿ. ದಿನಕ್ಕೆ ₹600 ದುಡಿಯುವ ಒಬ್ಬ ಕಾರ್ಮಿಕ ಡೆಂಗಿ ಬಂದು ಹತ್ತು ದಿನ ಮಲಗಿದ ಎಂದಿಟ್ಟುಕೊಳ್ಳಿ. ₹6,000 ಕೂಲಿ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ನರ್ಸಿಂಗ್ ಹೋಮ್ ಸೇರಿ ₹25,000 ಬಿಲ್ಲಾಯಿತು. ಹೆಂಡತಿಯ ಒಡವೆ ಅಡವಿಟ್ಟು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಹಣ ತಂದರೆ ತಿಂಗಳಿಗೆ ಬಡ್ಡಿಯೇ ₹500. ಅಂದರೆ ಆಕೆಯ ಖಾತೆಗೆ ಬರುವ ₹2,000 ಗೃಹಲಕ್ಷ್ಮಿ ಹಣದಲ್ಲಿ ಕಾಲು ಭಾಗ ಬಡ್ಡಿಗೇ ಹೋಗುತ್ತದೆ. ಆ ಮನೆ ಬಟ್ಟೆ ಕೊಳ್ಳುವುದಿಲ್ಲ, ಪಾತ್ರೆ ಕೊಳ್ಳುವುದಿಲ್ಲ, ಮಗಳನ್ನು ಕಾಲೇಜಿಗೆ ಸೇರಿಸಲು ಹಿಂದೆಮುಂದೆ ನೋಡುತ್ತದೆ. ಸರ್ಕಾರ ಒಂದು ಕೈಯಲ್ಲಿ ಕೊಟ್ಟ ಉತ್ತೇಜನ ಇನ್ನೊಂದು ಕಡೆ ಆಸ್ಪತ್ರೆ ಬಿಲ್ಲಿನಲ್ಲಿ ಸೋರಿಹೋಗುತ್ತದೆ.

ಇದು ಒಂದು ಮನೆಯ ಕಥೆಯಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಭರಿಸಿದ್ದಾರೆ. 2013–14ರಲ್ಲಿ ಇದು ಶೇ 64.2 ಇತ್ತು, ಇಳಿದಿದೆ, ಆದರೆ ಇನ್ನೂ ಹೊರೆಯೇ. ಸಾರ್ವಜನಿಕ ಆರೋಗ್ಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಿಸುವುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿ. ಅದಕ್ಕೆ ಕೊಟ್ಟ ಗಡುವು 2025. 2021–22ರಲ್ಲಿ ನಾವು ತಲುಪಿದ್ದು ಶೇ 1.84.

ಆಸ್ಪತ್ರೆಯ ಭಯಕ್ಕೆ ಜನ ಹಣ ಕೂಡಿಟ್ಟು ಕೂರುತ್ತಾರೆ ಎಂಬುದನ್ನು ಚೀನಾ ಗಂಭೀರವಾಗಿ ತೆಗೆದುಕೊಂಡಿತು. 2008ರ ನವೆಂಬರಿನಲ್ಲಿ ಅದು 4 ಲಕ್ಷ ಕೋಟಿ ಯುವಾನ್‌ಗಳ ಉತ್ತೇಜನ ಯೋಜನೆ ಪ್ರಕಟಿಸಿತು. ಬೆನ್ನಿಗೇ 2009ರ ಏಪ್ರಿಲ್‌ನಲ್ಲಿ ಆರೋಗ್ಯ ಸುಧಾರಣೆಗೆ ಮೂರು ವರ್ಷಗಳಲ್ಲಿ 85,000 ಕೋಟಿ ಯುವಾನ್ ಖರ್ಚು ಮಾಡುವುದಾಗಿ ಹೇಳಿತು. ಹಳ್ಳಿಯ ಕ್ಲಿನಿಕ್ಕು, ಕೌಂಟಿ ಆಸ್ಪತ್ರೆ, ಆರೋಗ್ಯ ವಿಮೆ ಮೂರೂ ಅದರಲ್ಲಿದ್ದವು. ಕಾಯಿಲೆಗೆಂದು ಗಂಟುಕಟ್ಟಿ ಇಟ್ಟ ಹಣ ಬಿಚ್ಚಿದರೆ ಜನ ಖರ್ಚು ಮಾಡುತ್ತಾರೆ, ಮಾರುಕಟ್ಟೆ ಎದ್ದೇಳುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು.

ಹಾಗಾದರೆ ಆರೋಗ್ಯದ ಹೆಸರಿನಲ್ಲಿ ಏನನ್ನು ಸೇರಿಸಿದರೂ ಸರಿಯೇ? ಅಲ್ಲ. ಕೋವಿಡ್ ಕಾಲ ಇದರಲ್ಲಿ ಎರಡು ಕಹಿ ಪಾಠ ಕಲಿಸಿದೆ. ಆಗ ತರಾತುರಿಯಲ್ಲಿ ವೆಂಟಿಲೇಟರುಗಳು ಬಂದವು, ಆಮ್ಲಜನಕ ಘಟಕಗಳು ಎದ್ದವು. ಅವನ್ನು ನಡೆಸಲು ತಂತ್ರಜ್ಞರಿಲ್ಲದೆ, ನಿರ್ವಹಣೆಗೆ ಹಣವಿಲ್ಲದೆ ದೇಶದ ಅನೇಕ ಕಡೆ ಮೂಲೆ ಸೇರಿದವು. ವೈದ್ಯಕೀಯ ಉಪಕರಣಗಳಲ್ಲಿ ಬಹುಪಾಲು ವಿದೇಶದಿಂದ ಬರುವುದರಿಂದ ಅವಕ್ಕೆ ಕೊಟ್ಟ ಹಣ ನಮ್ಮೂರಿನಲ್ಲಿ ಸುತ್ತುವುದೂ ಇಲ್ಲ. ಎರಡನೆಯದು, ಅಲೆ ಏರಿದಾಗ ಗುತ್ತಿಗೆ ಮೇಲೆ ತೆಗೆದುಕೊಂಡ ನರ್ಸುಗಳನ್ನು, ಲ್ಯಾಬ್ ಟೆಕ್ನಿಷಿಯನ್‌ಗಳನ್ನು ಅಲೆ ಇಳಿದ ಮೇಲೆ ಮನೆಗೆ ಕಳುಹಿಸಲಾಯಿತು. ತಾತ್ಕಾಲಿಕವಾಗಿರಬೇಕು ಎಂಬ ಮೂರನೇ ಪರೀಕ್ಷೆಯನ್ನು ಅಕ್ಷರಶಃ ಪಾಲಿಸಿದ್ದರ ಫಲ ಇದು. ಅನುಭವ ಪಡೆದ ಕೈಗಳನ್ನು ಕಳೆದುಕೊಂಡೆವು.

ಆದ್ದರಿಂದ ಆರೋಗ್ಯದ ಖರ್ಚನ್ನು ಮೂರು ಪಾಲು ಮಾಡಿ ನೋಡುವುದು ಒಳಿತು. ಒಂದು, ಒಮ್ಮೆ ಮಾಡಿ ಮುಗಿಸುವ ಕೆಲಸ: ಕುಡಿಯುವ ನೀರಿನ ಕೊಳವೆ, ಒಳಚರಂಡಿ (ಯುಜಿಡಿ), ಸೋರುವ ಆರೋಗ್ಯ ಉಪಕೇಂದ್ರದ ಛಾವಣಿ, ತಾಲ್ಲೂಕು ಆಸ್ಪತ್ರೆಯ ಶೌಚಾಲಯ. ಇದು ಉತ್ತೇಜನದ ಹಣಕ್ಕೆ ಹೇಳಿ ಮಾಡಿಸಿದ್ದು. ಗುಂಡಿ ತೋಡಲು, ಗಾರೆ ಕಲೆಸಲು ಊರಿನ ಕೈಗಳೇ ಬೇಕು. ಎರಡು, ಮುಂದೆ ಹೇಗೂ ಮಾಡಲೇಬೇಕಾದ್ದನ್ನು ಈಗಲೇ ಮಾಡುವುದು: ಮಂಜೂರಾಗಿ ಖಾಲಿ ಬಿದ್ದಿರುವ ಹುದ್ದೆಗಳ ಭರ್ತಿ, ಬಾಕಿ ಇರುವ ಶಿಷ್ಯವೇತನ, ಗೌರವಧನ, ಔಷಧಿ ಪೂರೈಕೆದಾರರ ಬಿಲ್ಲು. ಇದಕ್ಕೆ ಹೊಸ ಯೋಜನೆಯೇ ಬೇಡ, ನಾಳೆಯೇ ಕೊಡಬಹುದು. ಆರೋಗ್ಯದ ಖರ್ಚು ನಿಧಾನ ಎನ್ನುವವರು ಇದನ್ನು ಮರೆತಿದ್ದಾರೆ. ಮೂರು, ಹೊಸ ಹುದ್ದೆ, ಹೊಸ ಆಸ್ಪತ್ರೆಯಂಥ ಶಾಶ್ವತ ವೆಚ್ಚ. ಇದು ಬಜೆಟ್ಟಿನಲ್ಲಿ ವರ್ಷವರ್ಷವೂ ಬರಬೇಕಾದ್ದು. ಪ್ಯಾಕೇಜು ಅದಕ್ಕೆ ಮೊದಲ ಕಂತು ಕೊಡಬಹುದೇ ಹೊರತು ಅದರ ಬದಲಿಗೆ ನಿಲ್ಲಲಾರದು.

ಮೊದಲ ಪಾಲಿಗೆ ದೂರದ ಉದಾಹರಣೆ ಬೇಕಿಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಿಗೆ ನೀರು ಮತ್ತು ಒಳಚರಂಡಿಯ ಯೋಜನೆ ಬಂದಿದೆ. ಜಲಸಿರಿ ಎಂದು ಜನರಿಗೆ ಗೊತ್ತಿರುವುದು ಅದೇ. ಅದನ್ನು ನಗರಾಭಿವೃದ್ಧಿ ಎಂದು ಬರೆಯುತ್ತೇವೆ, ಆರೋಗ್ಯ ಎಂದು ಬರೆಯುವುದಿಲ್ಲ. ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದದ್ದು ನೆನಪಿದ್ದರೆ ನೀರಿನ ಕೊಳವೆಯೂ ಆಸ್ಪತ್ರೆಯೇ ಎಂಬುದು ಗೊತ್ತಾಗುತ್ತದೆ. ಡೆಂಗಿಯನ್ನು ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ನಿಂತ ನೀರು, ತೆರೆದ ಚರಂಡಿ ಇರುವಲ್ಲಿ ಹಾಸಿಗೆಗಳನ್ನು ಎಷ್ಟು ಹೆಚ್ಚಿಸಿದರೂ ಸಾಲದು.

ಅಡ್ಡಿ ಇರುವುದು ಮುಖ್ಯವಾಗಿ ನಿಯಮಗಳಲ್ಲಿ. 2020ರಲ್ಲಿ ರಾಜ್ಯಗಳಿಗೆ ಹೆಚ್ಚುವರಿ ಸಾಲ ಪಡೆಯಲು ಕೇಂದ್ರ ಅವಕಾಶ ಕೊಟ್ಟಾಗ ಅದರ ಒಂದು ಭಾಗಕ್ಕೆ ನಾಲ್ಕು ಸುಧಾರಣೆಗಳ ಷರತ್ತು ಹಾಕಿತು: ಒಂದು ದೇಶ ಒಂದು ಪಡಿತರ ಚೀಟಿ, ಸುಲಭ ವ್ಯವಹಾರ, ನಗರ ಸ್ಥಳೀಯ ಸಂಸ್ಥೆಗಳ ಸುಧಾರಣೆ, ವಿದ್ಯುತ್ ಕ್ಷೇತ್ರ. ಸಾಂಕ್ರಾಮಿಕದ ನಡುವೆ ಬರೆದ ಆ ಪಟ್ಟಿಯಲ್ಲಿ ಆರೋಗ್ಯ ಇರಲಿಲ್ಲ. ಅದೇ ವರ್ಷ ₹12,000 ಕೋಟಿಯಿಂದ ಶುರುವಾಗಿ 2024–25ಕ್ಕೆ ₹1.5 ಲಕ್ಷ ಕೋಟಿಗೆ ಬೆಳೆದ, ರಾಜ್ಯಗಳಿಗೆ 50 ವರ್ಷಗಳ ಬಡ್ಡಿರಹಿತ ಸಾಲದ ಯೋಜನೆ ಬಂಡವಾಳ ವೆಚ್ಚಕ್ಕೆ ಮಾತ್ರ. ಅದರಲ್ಲಿ ಆಸ್ಪತ್ರೆಯ ಗೋಡೆ ಕಟ್ಟಬಹುದು, ಒಳಗೆ ಕೂರುವ ವೈದ್ಯರಿಗೆ ಸಂಬಳ ಕೊಡುವಂತಿಲ್ಲ. ಗೋಡೆಗೆ ಹಣವಿದ್ದು ಜನಕ್ಕೆ ಹಣವಿಲ್ಲದ ನಿಯಮ ಖಾಲಿ ಕಟ್ಟಡಗಳನ್ನೇ ಹುಟ್ಟಿಸುತ್ತದೆ. ಕಟ್ಟಡದ ಜೊತೆ ಮೊದಲ ಮೂರು ವರ್ಷದ ಸಿಬ್ಬಂದಿ ವೆಚ್ಚವನ್ನೂ ಬಂಡವಾಳವೆಂದೇ ಎಣಿಸಿ, ಆಮೇಲಿನ ಹೊಣೆಯನ್ನು ರಾಜ್ಯ ಬಜೆಟ್ ಹೊರಲಿ ಎಂದು ಒಪ್ಪಂದ ಮಾಡಿಕೊಳ್ಳಲು ಯಾವ ಅರ್ಥಶಾಸ್ತ್ರವೂ ಅಡ್ಡಬರುವುದಿಲ್ಲ.

2020ರ ಏಪ್ರಿಲ್ ಕೊನೆಯಲ್ಲಿ ದಾವಣಗೆರೆ ಹಸಿರು ವಲಯವಾಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು. ಕೆಲವೇ ದಿನಗಳಲ್ಲಿ ಬಾಷಾನಗರ, ಜಾಲಿನಗರಗಳಿಗೆ ಬ್ಯಾರಿಕೇಡ್ ಬಿತ್ತು. ದಿನಗೂಲಿ ನಂಬಿದ ಬೀದಿಗಳಲ್ಲಿ ದುಡಿಮೆ ನಿಂತಿತು. ಆರೋಗ್ಯ ಕೆಟ್ಟರೆ ಆರ್ಥಿಕತೆ ಕೆಡುತ್ತದೆ ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. ಇನ್ನೊಂದು ಕುಸಿತ ಬರುವ ತನಕ ಕಾಯುತ್ತ ಕೂರಬಾರದು. ದಾವಣಗೆರೆ ಮಹಾನಗರ ಪಾಲಿಕೆ, ಹರಿಹರ ನಗರಸಭೆ, ಜಿಲ್ಲಾ ಆರೋಗ್ಯ ಇಲಾಖೆ ಮೂರೂ ಕೂಡಿ, ಹಣ ಬಂದ ದಿನವೇ ಶುರುಮಾಡಬಹುದಾದ ಕೆಲಸಗಳ ಪಟ್ಟಿಯನ್ನು ಅಂದಾಜು ವೆಚ್ಚದ ಸಮೇತ ಸಿದ್ಧವಾಗಿಡಬೇಕು. ಯಾವ ವಾರ್ಡಿಗೆ ಯುಜಿಡಿ ಬೇಕು, ಯಾವ ಉಪಕೇಂದ್ರಕ್ಕೆ ಛಾವಣಿ ಬೇಕು, ಯಾವ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದು ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣಬೇಕು. ಮುಂದಿನ ಸಲ ಮತ ಕೇಳಲು ಬಂದವರ ಮುಂದೆ ಓದುಗರು ಆ ಪಟ್ಟಿಯನ್ನು ಇಟ್ಟು, ಇದರಲ್ಲಿ ಯಾವುದನ್ನು ಯಾವ ವರ್ಷ ಮಾಡುತ್ತೀರಿ ಎಂದು ಕೇಳಬೇಕು.